ಚದರಡಿಯ ಲೆಕ್ಕಕ್ಕೆ ಸಿಗದ ಶೈಲಿ

1990ರ ದಶಕದ ಕೊನೆಯ ಮಾತು. ಹೊಸದಾಗಿ ಕಟ್ಟಿದ ಸರ್ಕಾರಿ ಕಟ್ಟಡವೊಂದರ ಪಡಸಾಲೆಗೆ ಕಲಾಕೃತಿಗಳನ್ನು ಖರೀದಿಸಲು ರಚಿಸಿದ್ದ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಕಲೆಯ ಬಗ್ಗೆ ನನಗೇನು ಗೊತ್ತು ಎಂದು ಯಾರೂ ಕೇಳಲಿಲ್ಲ. ಅರ್ಥಶಾಸ್ತ್ರ ಓದಿದವನು, ದರಪಟ್ಟಿಗಳನ್ನು ಹೋಲಿಸಿ ನೋಡಬಲ್ಲವನು ಎಂಬುದೇ ಅರ್ಹತೆಯಾಯಿತು. ಬಂದ ಚಿತ್ರಗಳ ಉದ್ದಗಲ ಅಳೆಸಿ, ಚದರ ಅಡಿಗೆ ಎಷ್ಟಾಗುತ್ತದೆ ಎಂದು ಭಾಗಿಸಿ, ತುಲನಾತ್ಮಕ ತಖ್ತೆ ಸಿದ್ಧಪಡಿಸಿದೆವು. ಕಿಟಕಿಯ ಪರದೆಗಳ ಬಣ್ಣಕ್ಕೆ ಹೊಂದುವ ನಾಲ್ಕು ಭೂದೃಶ್ಯಗಳು ಆಯ್ಕೆಯಾದವು. ಒಬ್ಬ ಯುವ ಕಲಾವಿದ ಮಾತ್ರ ಚಿತ್ರದ ಬದಲು ಒಂದು ನಕ್ಷೆ ಕಳಿಸಿದ್ದ. ರದ್ದಿಗೆ ಹೋಗುವ ಹಳೆಯ ದಾಖಲೆಗಳ ರಟ್ಟು, ಕಡತ ಕಟ್ಟುವ ದಾರ, ಮೊಹರಿನ ಅರಗು ಇಷ್ಟನ್ನೇ ಬಳಸಿ ಗೋಡೆಯುದ್ದಕ್ಕೂ ಒಂದು ರಚನೆ ಮಾಡುತ್ತೇನೆ ಎಂಬುದು ಅವನ ಪ್ರಸ್ತಾವನೆ. ಅದರ ಮೇಲೆ ಟಿಪ್ಪಣಿ ಬರೆದವನು ನಾನು: 'ಪ್ರಸ್ತಾಪಿತ ವಸ್ತುವು ಚಿತ್ರವೂ ಅಲ್ಲ, ಶಿಲ್ಪವೂ ಅಲ್ಲ. ಸದರಿ ಲೆಕ್ಕ ಶೀರ್ಷಿಕೆಯಡಿ ಪರಿಗಣಿಸಲು ಅವಕಾಶವಿರುವುದಿಲ್ಲ.' ಆ ವಾಕ್ಯದ ಖಚಿತತೆಯ ಬಗ್ಗೆ ಅಂದು ನನಗೆ ಸಣ್ಣ ಹೆಮ್ಮೆಯೂ ಇತ್ತು.

ಇಂಥ ಟಿಪ್ಪಣಿ ಬರೆದವನು ನಾನೊಬ್ಬನೇ ಅಲ್ಲ ಎಂಬುದು ಬಹಳ ಕಾಲದ ನಂತರ ತಿಳಿಯಿತು. 1926ರಲ್ಲಿ ರುಮೇನಿಯಾ ಮೂಲದ ಶಿಲ್ಪಿ ಬ್ರಾಂಕೂಸಿಯ 'ಬರ್ಡ್ ಇನ್ ಸ್ಪೇಸ್' ಎಂಬ ಕಂಚಿನ ಶಿಲ್ಪ ಹಡಗಿನಲ್ಲಿ ನ್ಯೂಯಾರ್ಕ್ ತಲುಪಿದಾಗ ಅಲ್ಲಿಯ ಸುಂಕದ ಅಧಿಕಾರಿಗಳಿಗೆ ಅದರಲ್ಲಿ ರೆಕ್ಕೆಯಾಗಲಿ ಕೊಕ್ಕಾಗಲಿ ಕಾಣಲಿಲ್ಲ. ಕಲಾಕೃತಿಗೆ ಸುಂಕದ ವಿನಾಯಿತಿ ಉಂಟು. ಇದು ಕಲಾಕೃತಿಯೇ ಅಲ್ಲವಲ್ಲ! ಅಡುಗೆ ಪಾತ್ರೆ ಮತ್ತು ಆಸ್ಪತ್ರೆ ಸಾಮಗ್ರಿಗಳ ವರ್ಗಕ್ಕೆ ಸೇರಿಸಿ ಶೇ 40ರಷ್ಟು ಸುಂಕ ವಿಧಿಸಿದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 1928ರಲ್ಲಿ ತೀರ್ಪು ಕಲಾವಿದನ ಪರವಾಗಿ ಬಂತು. ಆ ಅಧಿಕಾರಿಯನ್ನು ನಾನು ಹೀಗಳೆಯಲಾರೆ. ವರ್ಗೀಕರಣವೇ ನಮ್ಮ ಕಸುಬು. ಯಾವ ವರ್ಗಕ್ಕೂ ಸೇರದ ವಸ್ತು ಎದುರಿಗೆ ಬಂದಾಗ ಹತ್ತಿರದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತೇವೆ. ಅವನ ಆದೇಶವನ್ನು ಪ್ರಶ್ನಿಸಲು ಒಂದು ನ್ಯಾಯಾಲಯವಿತ್ತು, ನನ್ನ ಟಿಪ್ಪಣಿಯನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ. ವ್ಯತ್ಯಾಸ ಅಷ್ಟೆ.

ನನ್ನ ಟಿಪ್ಪಣಿಯ ನೆನಪು ಮತ್ತೆ ಬಂದು ಚುಚ್ಚಿದ್ದು 2013ರ ಆರಂಭದಲ್ಲಿ, ಕೊಚ್ಚಿಯಲ್ಲಿ. ಬಂಧುಗಳ ಮದುವೆಗೆಂದು ಹೋಗಿದ್ದೆವು. ಅಲ್ಲಿ 2012ರ ಡಿಸೆಂಬರ್ 12ರಂದು ಆರಂಭವಾಗಿದ್ದ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆ ನಡೆಯುತ್ತಿತ್ತು. ಅದಕ್ಕೆ ಕೇರಳ ಸರ್ಕಾರ ಹಣ ಕೊಟ್ಟ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ವಿವಾದವೇ ಎದ್ದಿದ್ದರಿಂದ, ಕಲೆಗಿಂತ ಹೆಚ್ಚಾಗಿ ಖರ್ಚು ನೋಡುವ ಕುತೂಹಲದಿಂದ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಹೊಕ್ಕೆ. ಅದು ಸಮುದ್ರದ ದಂಡೆಯ ಮೇಲಿನ ಹಳೆಯ ಸಂಬಾರ ವ್ಯಾಪಾರದ ಉಗ್ರಾಣ. ಅಲ್ಲಿ ನಾನು ಕಂಡದ್ದು ಒರಳುಕಲ್ಲುಗಳು. ಒಂದೆರಡಲ್ಲ, ನೂರಕ್ಕೂ ಹೆಚ್ಚು. ಕೆಲವು ಸಿಮೆಂಟಿನ ಚೂರು ಅಂಟಿಕೊಂಡವು, ಕೆಲವು ಗುಳಿಯೊಳಗೆ ಸವೆದು ನುಣುಪಾದವು. ಇವೆಲ್ಲ ಬೆಂಗಳೂರಿನ ಮನೆಗಳಿಂದ ಹೊರಬಿದ್ದ ಕಲ್ಲುಗಳು. ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟಾರ್ಜ್ ಇವರಿಬ್ಬರು ಅವನ್ನು ಕೂಡಿಸಿ, ಕೊಚ್ಚಿಗೆ ಸಾಗಿಸಿ, 'ಸ್ಟಾಪೋವರ್' ಎಂಬ ಹೆಸರಿನಲ್ಲಿ ಇರಿಸಿದ್ದರು. ಪಯಣದ ನಡುವಿನ ತಂಗುದಾಣ ಎಂದರ್ಥ.

ನಾನು ಅಲ್ಲಿಯೇ ನಿಂತುಬಿಟ್ಟೆ. ಕಾರಣ ಕಲಾಪ್ರಜ್ಞೆಯಲ್ಲ. ಮನೆಗೆ ವಿದ್ಯುತ್ ಗ್ರೈಂಡರ್ ಬಂದ ಮೇಲೆ ಅಡುಗೆಮನೆಯ ನೆಲ ತೆಗೆಸಿ ಹೊಸ ಕಲ್ಲು ಹಾಸಿಸುವಾಗ ನಾವೂ ಒರಳನ್ನು ಕೀಳಿಸಿದ್ದೆವು. ಗಾರೆ ಕೆಲಸದವನು ಒಡೆದು ತಳಪಾಯಕ್ಕೆ ಹಾಕುತ್ತೇನೆಂದ. ಅಮ್ಮ ಒಪ್ಪಲಿಲ್ಲ. 'ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಕಲ್ಲು ಕಣೋ, ಒಡೆಸಬೇಡ' ಎಂದರು. ಒಡೆಯುವಂತಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ, ಮಾರಿದರೆ ಕೊಳ್ಳುವವರಿಲ್ಲ. ಕೊನೆಗೆ ಗೇಟಿನ ಹೊರಗೆ ಮರದ ಬುಡದಲ್ಲಿಟ್ಟೆವು. ಕೆಲವು ವರ್ಷ ಅದರಲ್ಲಿ ಮಳೆನೀರು ನಿಲ್ಲುತ್ತಿತ್ತು, ಕಾಗೆಗಳು ಕುಡಿಯುತ್ತಿದ್ದವು. ಒಂದು ದಿನ ನೋಡಿದರೆ ಕಲ್ಲು ಇರಲಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹೀಗೆ ರಸ್ತೆಬದಿಯಲ್ಲಿ ಅನಾಥವಾಗಿ ನಿಂತ ಒರಳುಗಳನ್ನು ಎಲ್ಲರೂ ನೋಡಿದ್ದೇವೆ, ನೋಡಿಯೂ ನೋಡಿಲ್ಲ. ಉಪಯುಕ್ತತೆ ಸೊನ್ನೆಯಾದ ಮೇಲೂ ಮೌಲ್ಯ ಉಳಿದಿರುವ ಸರಕಿಗೆ ನಾನು ಓದಿದ ಅರ್ಥಶಾಸ್ತ್ರದಲ್ಲಿ ಹೆಸರಿಲ್ಲ. ಆ ಉಗ್ರಾಣದಲ್ಲಿ ಅದಕ್ಕೆ ಹೆಸರೂ ವಿಳಾಸವೂ ಸಿಕ್ಕಿತ್ತು. ನಮ್ಮ ಮನೆಯ ಕಲ್ಲೂ ಇಲ್ಲಿರಬಹುದೇ ಎಂದು ಹುಡುಕಿದೆ ಎಂಬುದನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇನೆ. ಅಮ್ಮ ಆ ಹೊತ್ತಿಗೆ ಇರಲಿಲ್ಲ.

ಅಲ್ಲಿಂದ ಮುಂದೆ ಶೀಲಾ ಗೌಡರ ಕೆಲಸವನ್ನು ಬೆನ್ನುಹತ್ತಿ ತಿಳಿಯತೊಡಗಿದೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಇವರು ಆರ್.ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯಲ್ಲಿ, ಶಾಂತಿನಿಕೇತನದಲ್ಲಿ ಮತ್ತು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತವರು. ಮೊದಲು ವರ್ಣಚಿತ್ರ ಬರೆಯುತ್ತಿದ್ದರು. ದೇಶವನ್ನು ಕೋಮುಹಿಂಸೆ ಕಂಗೆಡಿಸಿದ 1990ರ ದಶಕದ ಆರಂಭದಲ್ಲಿ ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಪವಿತ್ರವೆಂದು ಕೊಂಡಾಡುವ, ಆದರೆ ಬರಿಗೈಯಿಂದ ಬಳಿಯುವ ಕೆಲಸವನ್ನು ಹೆಂಗಸರಿಗೇ ಬಿಟ್ಟುಕೊಡುವ ವಸ್ತು ಅದು. ನಂತರ ಬಂದದ್ದು ಕುಂಕುಮ. 1998ರಿಂದ 2001ರ ನಡುವಿನ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಎಂಬ ಕೃತಿಯಲ್ಲಿ ಹತ್ತಾರು ಸೂಜಿಗಳ ಕಣ್ಣಿನಲ್ಲಿ ಉದ್ದುದ್ದ ದಾರಗಳನ್ನು ಪೋಣಿಸಿ, ಆ ದಾರಗಳನ್ನೆಲ್ಲ ಕುಂಕುಮ ಮತ್ತು ಅಂಟಿನಿಂದ ಒಟ್ಟು ಸೇರಿಸಿ, ಕೆಂಪು ಹಗ್ಗವಾಗಿಸಿ ಗೋಡೆ ನೆಲಗಳ ಮೇಲೆ ಹರಿಯಬಿಟ್ಟಿದ್ದಾರೆ. ದೂರದಿಂದ ಅದು ಗಾಳಿಯಲ್ಲಿ ಎಳೆದ ರೇಖೆಯಂತೆ ಸುಂದರ. ಹತ್ತಿರ ಹೋದರೆ ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ತೂಗುತ್ತಿರುತ್ತದೆ. ಇಷ್ಟು ದಾರವನ್ನು ಸೂಜಿಯ ಕಣ್ಣಿನ ಮೂಲಕ ಎಳೆಯಲು ಎಷ್ಟು ದಿನಗಳ ಕೂಲಿ ಬೇಕು ಎಂದು ನನ್ನ ಮನಸ್ಸು ಲೆಕ್ಕಹಾಕಿತು. ಹಳೆಯ ಚಟ. ಆದರೆ ಈ ಬಾರಿ ಲೆಕ್ಕ ಹಾಕಿದ್ದು ವ್ಯರ್ಥವೆನಿಸಲಿಲ್ಲ, ಏಕೆಂದರೆ ಕೃತಿಯ ವಿಷಯವೇ ಆ ಲೆಕ್ಕಕ್ಕೆ ಬಾರದ ಕೂಲಿ.

ಅಗರಬತ್ತಿಯನ್ನೂ ಅವರು ಹಾಗೆಯೇ ಬಳಸಿದರು. ನಮ್ಮ ರಾಜ್ಯದಲ್ಲಿ ಸಾವಿರಾರು ಹೆಂಗಸರು ಮನೆಯಲ್ಲೇ ಕುಳಿತು, ಸಾವಿರ ಕಡ್ಡಿಗೆ ಇಷ್ಟು ಎಂಬ ದರಕ್ಕೆ ಹೊಸೆದುಕೊಡುವ ಸರಕು ಅದು. 2007ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅಗರಬತ್ತಿಯ ಹಿಟ್ಟನ್ನು ಚೌಕಟ್ಟುಗಳ ಮೇಲೆ ಹರಡಿ, ಹೊತ್ತಿಸಿ, ಉಳಿದ ಬೂದಿಯ ಆಕಾರಗಳನ್ನೇ ಕೃತಿಯಾಗಿಸಿ 'ಕೊಲ್ಯಾಟರಲ್' ಎಂದು ಹೆಸರಿಟ್ಟರು. ಬ್ಯಾಂಕಿನವರಿಗೆ ಆ ಪದದ ಅರ್ಥ ಸಾಲಕ್ಕೆ ಕೊಡುವ ಆಧಾರ. ಯುದ್ಧದ ವರದಿಗಳಲ್ಲಿ ಅದು ಗುರಿಯ ಪಕ್ಕದಲ್ಲಿದ್ದು ಸತ್ತವರ ಲೆಕ್ಕ.

2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿಸಿದ 'ಬಿಹೋಲ್ಡ್' ಇನ್ನೂ ಸರಳ, ಇನ್ನೂ ತೀಕ್ಷ್ಣ. ಲಾರಿ, ಆಟೊ, ಕಾರುಗಳ ಬಂಪರಿಗೆ ದೃಷ್ಟಿ ತಾಗದಿರಲೆಂದು ಚಾಲಕರು ಕೂದಲಿನ ಕರಿಹಗ್ಗ ಕಟ್ಟುವುದನ್ನು ನೋಡಿದ್ದೀರಲ್ಲವೇ? ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ವಿಗ್ ತಯಾರಿಕೆಗೆ ಹೋಗುತ್ತದೆ. ಗಿಡ್ಡ ಕೂದಲು ಇಂಥ ಹಗ್ಗವಾಗುತ್ತದೆ. ಅಂಥ ಹಗ್ಗವನ್ನು ಸುಮಾರು ನಾಲ್ಕು ಸಾವಿರ ಮೀಟರಿನಷ್ಟು ಗಂಟು ಹಾಕಿ, ಸುತ್ತಿ, ಅದರ ಬಲದ ಮೇಲೆ ಉಕ್ಕಿನ ಬಂಪರುಗಳನ್ನು ತೂಗುಬಿಟ್ಟಿದ್ದಾರೆ. ಉಕ್ಕನ್ನು ಕೂದಲು ಹೊತ್ತಿದೆ. ಹರಕೆ ಹೊತ್ತವರು ಯಾರು, ಅವರ ಕಷ್ಟವೇನಿತ್ತು, ಒಬ್ಬರದೂ ಹೆಸರಿಲ್ಲ. ಈ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅಲ್ಲಿಯ ಪ್ರೇಕ್ಷಕನಿಗೆ ಬಂಪರಿನ ಕರಿಹಗ್ಗದ ಕತೆಯನ್ನು ಫಲಕದಲ್ಲಿ ಬರೆದು ತಿಳಿಸಬೇಕು. ನಮ್ಮ ಆಟೊ ಚಾಲಕನಿಗೆ ಫಲಕ ಬೇಡ, ಆದರೆ ಅವನು ಅದನ್ನು ನೋಡುವ ಸಂಭವವಿಲ್ಲ.

ಈಗ ಶೈಲಿಯ ಮಾತಿಗೆ ಬರುತ್ತೇನೆ. ನನ್ನ ತಲೆಮಾರಿನವರಿಗೆ ಕಲಾವಿದನ ಶೈಲಿ ಎಂದರೆ ಅವನ ಕೈಬರಹ. ಕೆ.ಕೆ. ಹೆಬ್ಬಾರರ ಲಾಸ್ಯವಾಡುವ ರೇಖೆಯನ್ನು ಸಹಿ ನೋಡದೆ ಗುರುತಿಸಬಹುದು, ಎಸ್.ಜಿ. ವಾಸುದೇವ್ ಅವರ ವೃಕ್ಷ ಮಾಲಿಕೆಯ ಮರಗಳನ್ನೂ ಹಾಗೆಯೇ. ಅದು ದೊಡ್ಡ ಸಾಧನೆಯೇ ಸರಿ. ಆದರೆ ಆ ಅಳತೆಗೋಲನ್ನು ಹಿಡಿದು ಇಂದಿನ ಕಲಾವಿದರ ಬಳಿ ಹೋದರೆ ಗೊಂದಲವಾಗುತ್ತದೆ. ಸಗಣಿ, ದಾರ, ಬೂದಿ, ಕೂದಲು, ಒರಳುಕಲ್ಲು ಇವೆಲ್ಲ ಒಬ್ಬರದೇ ಕೆಲಸ ಎಂದು ಹೇಗೆ ತಿಳಿಯುವುದು? ರೂಪ ಪ್ರತಿಸಲವೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಕೇಳುವ ಪ್ರಶ್ನೆ. ಈ ವಸ್ತು ಯಾರ ಕೈಯಿಂದ ಬಂತು, ಯಾವ ಬೆವರು, ಯಾವ ನಂಬಿಕೆ ಇದರಲ್ಲಿ ಸೇರಿದೆ ಎಂಬ ವಿಚಾರಣೆಯೇ ಶೀಲಾ ಗೌಡರ ಶೈಲಿ. ಇದನ್ನು ಅರಿಯಲು ನನಗೆ ಮೂರು ನಾಲ್ಕು ವರ್ಷಗಳೇ ಬೇಕಾದವು. ಕಲಾವಿಮರ್ಶೆಯ ಪುಸ್ತಕಗಳಿಂದ ಹೆಚ್ಚು ಸಹಾಯವಾಗಲಿಲ್ಲ. ಅವುಗಳ ಭಾಷೆ ನಮ್ಮ ಸುತ್ತೋಲೆಗಳ ಭಾಷೆಗಿಂತಲೂ ಕಠಿಣ.

ಪುಷ್ಪಮಾಲಾ ಎನ್. ಅವರ ಕೃತಿಗಳಂತೂ ನನ್ನ ವೃತ್ತಿಯ ಬೆನ್ನಿಗೇ ಬಿದ್ದವು. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡಾದಲ್ಲಿ ಶಿಲ್ಪಕಲೆ ಕಲಿತ ಇವರು ಮುಂದೆ ಕ್ಯಾಮೆರಾದ ಎದುರು ತಾವೇ ವೇಷ ತೊಟ್ಟು ನಿಲ್ಲತೊಡಗಿದರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ಸೇರಿ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಆ್ಯಂಡ್ ಕಸ್ಟಮ್ಸ್' ಎಂಬ ಮಾಲಿಕೆಯಲ್ಲಿ ಅವರು ರವಿವರ್ಮನ ಬೆಳದಿಂಗಳ ಸುಂದರಿಯಾಗಿದ್ದಾರೆ, ಕ್ಯಾಲೆಂಡರಿನ ಲಕ್ಷ್ಮಿಯಾಗಿದ್ದಾರೆ, ಬಿಜಾಪುರದ ಕಿರುಚಿತ್ರದ ಯೋಗಿನಿಯಾಗಿದ್ದಾರೆ, ಪತ್ರಿಕೆಯಲ್ಲಿ ಬಂದ ಬಂಧಿತ ಕಳ್ಳಿಯ ಚಿತ್ರವನ್ನೂ ಬಿಟ್ಟಿಲ್ಲ. ಮೊದಲ ನೋಟಕ್ಕೆ ನಗು ಬರುತ್ತದೆ. ಬಣ್ಣದ ಪರದೆ, ನಾಟಕ ಕಂಪನಿಯ ಒಡವೆ, ಹಳೆಯ ಸ್ಟುಡಿಯೊಗಳ ಸಡಗರ ಎಲ್ಲವೂ ಅಲ್ಲಿವೆ. ನಗುತ್ತಾ ಮುಂದೆ ಹೋದವನು ಕಪ್ಪು ಬಿಳುಪು ಚೌಕಳಿಯ ಪರದೆಯ ಎದುರು ನಿಂತ ಹೆಂಗಸಿನ ಚಿತ್ರದ ಮುಂದೆ ಗಂಭೀರನಾದೆ. 19ನೇ ಶತಮಾನದಲ್ಲಿ ಬುಡಕಟ್ಟು ಜನರ ದೇಹದ ಅಳತೆ ತೆಗೆದುಕೊಳ್ಳಲು ಅವರನ್ನು ಇಂಥ ಚೌಕಳಿಯ ಮುಂದೆ ನಿಲ್ಲಿಸಿ ಛಾಯಾಚಿತ್ರ ತೆಗೆಯುತ್ತಿದ್ದರು.

ತರಬೇತಿಯ ದಿನಗಳಲ್ಲಿ ನಮ್ಮಂಥವರು ಗೌರವದಿಂದ ತಿರುವಿಹಾಕಿದ ಗ್ರಂಥಗಳ ವಂಶ ಇದೇ. ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಏಳು ಸಂಪುಟಗಳು ಹೊರಬಂದದ್ದು 1909ರಲ್ಲಿ. ಮೈಸೂರು ಸಂಸ್ಥಾನದ ಜಾತಿಗಳ ಸಮೀಕ್ಷೆಯನ್ನು ಕೈಗೊಂಡವರು ಎಚ್.ವಿ. ನಂಜುಂಡಯ್ಯನವರು. ಅವರು ಸಂಸ್ಥಾನದ ಹಿರಿಯ ಅಧಿಕಾರಿ, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ. ಆ ವಿದ್ವತ್ತಿನ ಬಗ್ಗೆ ನನಗೆ ಈಗಲೂ ಆದರವಿದೆ. ಆದರೆ ಪುಷ್ಪಮಾಲಾ ಅವರ ಚಿತ್ರ ನನ್ನನ್ನು ಅಳೆಯುವವನ ಪಕ್ಕದಿಂದ ಎಬ್ಬಿಸಿ, ಚೌಕಳಿಯ ಎದುರು ನಿಂತವಳ ಕಡೆಗೆ ಒಯ್ದಿತು. ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಯಲ್ಲಿ ಕೈಕಟ್ಟಿ ನಿಂತಿದ್ದ ಎಷ್ಟೋ ಮುಖಗಳು ನೆನಪಾದವು. ಚಿತ್ರದಲ್ಲಿರುವ ಆಕೆ ಕಲಾವಿದೆ ಎಂಬುದು ಗೊತ್ತಿದ್ದೂ, ಆಕೆಯ ನೇರ ದೃಷ್ಟಿಯನ್ನು ಬಹಳ ಹೊತ್ತು ಎದುರಿಸಲಾಗಲಿಲ್ಲ.

ಇನ್ನು ತಲ್ಲೂರು ಎಲ್.ಎನ್. ಇವರು 1971ರಲ್ಲಿ ಕುಂದಾಪುರದ ಬಳಿಯ ಕೋಟೇಶ್ವರದಲ್ಲಿ ಹುಟ್ಟಿದವರು. ಮೈಸೂರಿನ ಕಾವಾದಲ್ಲಿ ಚಿತ್ರಕಲೆಯನ್ನೂ ಬರೋಡಾದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರವನ್ನೂ ಓದಿದವರು. ಅವರ 'ಯೂನಿಕೋಡ್' 2011ರದು. ಚೋಳರ ಕಾಲದ ನಟರಾಜ ವಿಗ್ರಹದಲ್ಲಿ ಕಾಣುವಂಥ ಜ್ವಾಲೆಯ ಪ್ರಭಾವಳಿ ಅದರಲ್ಲಿದೆ, ಅದರೊಳಗೆ ಕುಣಿಯಬೇಕಾದ ಶಿವನ ಜಾಗದಲ್ಲಿ ಮಾತ್ರ ನಾಣ್ಯಗಳು ಹೂತುಹೋದ ಕಾಂಕ್ರೀಟಿನ ಉಂಡೆಯೊಂದು ಕೂತಿದೆ. ಅದೇ 2011ರ ಜೂನ್ 30ರಂದು ನಮ್ಮ ನಾಲ್ಕಾಣೆ ಅಧಿಕೃತವಾಗಿ ಚಲಾವಣೆಯಿಂದ ಹೊರಬಿತ್ತು. ಕಾಕತಾಳೀಯವೇ ಇರಲಿ, ನಾನಂತೂ ಇವೆರಡನ್ನೂ ಜೊತೆಯಲ್ಲೇ ನೆನೆಯುತ್ತೇನೆ. ಹಣಕ್ಕೆ ಮೂರು ಕಾರ್ಯಗಳೆಂದು ನಾವು ಬಾಯಿಪಾಠ ಮಾಡಿದ್ದೆವು: ವಿನಿಮಯದ ಮಾಧ್ಯಮ, ಮೌಲ್ಯದ ಅಳತೆ, ಮೌಲ್ಯದ ಸಂಗ್ರಹ. ಹುಂಡಿಗೆ ಬಿದ್ದ ನಾಣ್ಯ, ರೈಲಿನ ಕಿಟಕಿಯಿಂದ ಹೊಳೆಗೆ ಎಸೆದ ನಾಣ್ಯ, ಶವಯಾತ್ರೆಯಲ್ಲಿ ದಾರಿಯುದ್ದಕ್ಕೂ ಚೆಲ್ಲಿದ ನಾಣ್ಯ ಇವು ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ತಲ್ಲೂರರಿಗೆ ಗೊತ್ತಿರುವುದು ಈ ನಾಲ್ಕನೆಯ ಕಾರ್ಯ. 'ಕ್ರೊಮ್ಯಾಟೋಫೋಬಿಯಾ' ಎಂಬ ಅವರ ಇನ್ನೊಂದು ಕೃತಿಯಲ್ಲಿ ಪ್ರೇಕ್ಷಕನೇ ಸುತ್ತಿಗೆ ಹಿಡಿದು ತನ್ನ ಜೇಬಿನ ನಾಣ್ಯವನ್ನು ಮರದ ದಿಮ್ಮಿಗೆ ಹೊಡೆದು ಕೂರಿಸಬೇಕು. ಹಣದ ಭಯವನ್ನು ಹೀಗೆ ಮೊಳೆಯಂತೆ ಜಡಿದು ಕಳೆದುಕೊಳ್ಳಿ ಎಂಬುದು ಆಹ್ವಾನ. ನಾಣ್ಯ ಒಳಹೋದಂತೆ ಮರ ಸೀಳುತ್ತದೆ. ತುಂಟತನ ಮತ್ತು ಮಂತ್ರವಾದ ಬೆರೆತ ಈ ದನಿ ಇಡೀ ಸಮಕಾಲೀನ ಕಲೆಯಲ್ಲಿ ಅವರೊಬ್ಬರದೇ. ನಿವೃತ್ತ ಅರ್ಥಶಾಸ್ತ್ರಿಗಳ ಸಮ್ಮೇಳನವೊಂದರಲ್ಲಿ ಆ ದಿಮ್ಮಿಯನ್ನು ಇರಿಸಿದರೆ ಸಾಲು ನಿಲ್ಲುತ್ತದೆಂದು ನನಗೆ ಖಾತರಿ.

ಇವೆಲ್ಲ ಗ್ಯಾಲರಿಯ ನಾಲ್ಕು ಗೋಡೆಗಳ ಮಾತಾಯಿತು. ಬೀದಿಯಲ್ಲೇ ಕೆಲಸ ಮಾಡುವವರೂ ಇದ್ದಾರೆ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ಗುಂಡಿಯೊಂದಕ್ಕೆ ಬಾದಲ್ ನಂಜುಂಡಸ್ವಾಮಿ ಮೊಸಳೆಯನ್ನು ಇಳಿಸಿದ್ದು ಓದುಗರಿಗೆ ನೆನಪಿರಬೇಕು. ಗುಂಡಿ ಮುಚ್ಚಿಸಲು ಆ ನಿವಾಸಿಗಳು ಎಷ್ಟು ಅರ್ಜಿ ಬರೆದಿದ್ದರೋ! ಮೊಸಳೆ ಬಂದ ಮೇಲೆ ಆಗಿನ ಮಹಾನಗರ ಪಾಲಿಕೆ ಎಚ್ಚೆತ್ತಿತು. 2019ರ ಸೆಪ್ಟೆಂಬರ್‌ನಲ್ಲಿ ಗಗನಯಾತ್ರಿಯೊಬ್ಬ ಚಂದ್ರನ ಮೇಲೆ ನಡೆಯುವ ವಿಡಿಯೊ ಜಗತ್ತನ್ನೆಲ್ಲ ಸುತ್ತಿತು. ಪಕ್ಕದಲ್ಲಿ ಆಟೊ ಹಾದುಹೋದಾಗಲೇ ಅದು ಬೆಂಗಳೂರಿನ ರಸ್ತೆ ಎಂದು ತಿಳಿಯುತ್ತಿದ್ದದ್ದು. ಇದು ಕಲೆಯೇ, ಪ್ರತಿಭಟನೆಯೇ, ತಮಾಷೆಯೇ ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಗುಂಡಿ ತಾನಾಗಿ ಯಾವ ಆಕಾರ ಪಡೆದಿದೆಯೋ ಅದನ್ನೇ ಚೌಕಟ್ಟಾಗಿ ಒಪ್ಪಿಕೊಂಡು, ಅದಕ್ಕೆ ಹೊಂದುವ ಪ್ರಾಣಿಯನ್ನು ಹುಡುಕುವ ಕಣ್ಣು ಕಲಾವಿದನದೇ. ಸಾವಿರ ಅರ್ಜಿಗಳ ಕೆಲಸವನ್ನು ಅದು ಒಂದು ದಿನದಲ್ಲಿ ಮಾಡಿದ್ದು ಮಾತ್ರ ಆಡಳಿತದಲ್ಲಿದ್ದ ನಮಗೆ ಹೆಮ್ಮೆಯ ಸಂಗತಿಯಲ್ಲ.

ಇಂಥ ಕಲಾವಿದರ ಬಗ್ಗೆ ಮಾತನಾಡತೊಡಗಿದಾಗ ಪರಿಚಿತರು ಕೇಳುವ ಮೊದಲ ಪ್ರಶ್ನೆ: 'ಯಾರ ಚಿತ್ರ ಕೊಂಡರೆ ಬೆಲೆ ಏರುತ್ತದೆ?' ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ 1986ರಲ್ಲೇ ಶತಮಾನಗಳ ಹರಾಜು ದರಗಳನ್ನು ಪರಿಶೀಲಿಸಿ, ಹಣದುಬ್ಬರ ಕಳೆದರೆ ಕಲಾಕೃತಿಗಳಿಂದ ಸಿಗುವ ವಾರ್ಷಿಕ ಪ್ರತಿಫಲ ಶೇ 0.55ರಷ್ಟು ಮಾತ್ರ ಎಂದು ತೋರಿಸಿದ್ದರು. ಸರ್ಕಾರಿ ಸಾಲಪತ್ರವೇ ಲೇಸು. ಉಳಿದದ್ದು ನೋಡುವ ಸುಖ, ಅದಕ್ಕೆ ಕೊಳ್ಳಲೇಬೇಕೆಂದಿಲ್ಲ. ಕೊಳ್ಳುವ ಆಸೆ ಇದ್ದವರಿಗೆ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಾ ಬಂದಿರುವ ಚಿತ್ರಸಂತೆ ಇದೆ. ಅಲ್ಲಿ ಒಬ್ಬ ತರುಣ ನನ್ನನ್ನು ಕೇಳಿದ: 'ಸರ್, ನಿಮ್ಮ ಮನೆ ಸೋಫಾ ಯಾವ ಬಣ್ಣದ್ದು?' ನಗು ಬಂತು. ಆಮೇಲೆ ನಮ್ಮ ಸಮಿತಿಯ ಪರದೆಗಳು ನೆನಪಾಗಿ ನಗು ನಿಂತಿತು. ಆ ಹುಡುಗನಿಗೆ ಈ ಪ್ರಶ್ನೆ ಕಲಿಸಿದವರು ನನ್ನಂಥ ಗಿರಾಕಿಗಳೇ.

ನೋಡಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಜಾಗಗಳು ಇಲ್ಲವೆಂದಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ತೆರೆಯಿತು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಖಾಸಗಿಯವರ ಮುತುವರ್ಜಿಯಿಂದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯ ಬಂತು. ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟ ಒನ್ ಶಾಂತಿರೋಡ್ ಕೂಡ ಇದೆ. ಅಲ್ಲಿ ಚಪ್ಪಲಿ ಬಿಟ್ಟು ಒಳಹೋಗಿ ನೆಲದ ಮೇಲೆ ಕುಳಿತರೂ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಇವೆಲ್ಲಕ್ಕಿಂತ ಹಳೆಯದು ಸರ್ಕಾರದ್ದೇ ಆದ ವೆಂಕಟಪ್ಪ ಕಲಾ ಗ್ಯಾಲರಿ. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರ ಹೆಸರಿನ ಈ ಕಟ್ಟಡದ ಸಭಾಂಗಣಗಳಲ್ಲಿ ಹಣವಿಲ್ಲದ ಯುವ ಕಲಾವಿದನೂ ಅಲ್ಪ ಬಾಡಿಗೆ ಕೊಟ್ಟು ತನ್ನ ಮೊದಲ ಪ್ರದರ್ಶನ ಮಾಡಬಹುದಾಗಿತ್ತು. ಅದನ್ನು ಖಾಸಗಿ ಪ್ರತಿಷ್ಠಾನವೊಂದರ ವಶಕ್ಕೆ ಕೊಡುವ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದರು. ಕಡತದ ಭಾಷೆ ಬಲ್ಲ ನನಗೆ ಆ ಒಪ್ಪಂದದ ಹಿಂದಿನ ತರ್ಕ ಅರ್ಥವಾಗುತ್ತದೆ: ನಿರ್ವಹಣೆಗೆ ಹಣವಿಲ್ಲ, ಕೊಡಲು ಯಾರೋ ಮುಂದೆ ಬಂದಿದ್ದಾರೆ, ಒಪ್ಪಿದರೆ ತಪ್ಪೇನು? ತಪ್ಪು ಎಲ್ಲಿದೆ ಎಂಬುದು ಕಲಾವಿದರಿಗೆ ತಿಳಿದಿತ್ತು. ತುಲನಾತ್ಮಕ ತಖ್ತೆಯಲ್ಲಿ ಗೆಲ್ಲಲಾಗದವನು ನಿಲ್ಲಲು ಊರಿನಲ್ಲಿ ಒಂದಾದರೂ ಗೋಡೆ ಸಾರ್ವಜನಿಕವಾಗಿ ಉಳಿಯಬೇಕಿತ್ತು.

ರಸ್ತೆ ಕಾಮಗಾರಿಯ ಒಂದು ಕಿಲೋಮೀಟರಿನ ಹಣ ಸಾಕು, ಈ ನಾಡಿನ ಕಲಾವಿದರ ಮಹತ್ವದ ಕೆಲವು ಕೃತಿಗಳನ್ನು ಅವು ಹೊರದೇಶಕ್ಕೆ ಹೋಗುವ ಮೊದಲೇ ಸರ್ಕಾರ ಕೊಂಡು ಜನರ ಕಣ್ಣೆದುರು ಇರಿಸಲು. ಅದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಹೊಸದೊಂದು ಲೆಕ್ಕ ಶೀರ್ಷಿಕೆ. ಚಿತ್ರವೂ ಅಲ್ಲದ, ಶಿಲ್ಪವೂ ಅಲ್ಲದ ವಸ್ತುವನ್ನು ಪರಿಗಣಿಸಲು ಅವಕಾಶವಿರುವಂಥದು. ಮತ್ತು ಸಮಿತಿಯಲ್ಲಿ ನನ್ನಂಥವರ ಪಕ್ಕದಲ್ಲಿ, ಮತದ ಹಕ್ಕಿರುವ ಇಬ್ಬರಾದರೂ ಕಲಾವಿದರು.

ಕಳೆದ ವರ್ಷ ಯಾವುದೋ ಕೆಲಸಕ್ಕೆ ಆ ಸರ್ಕಾರಿ ಕಟ್ಟಡಕ್ಕೆ ಹೋಗಿದ್ದೆ. ನಾವು ಆರಿಸಿದ ಭೂದೃಶ್ಯಗಳಲ್ಲಿ ಎರಡು ಈಗಲೂ ಗೋಡೆಯ ಮೇಲಿವೆ. ಒಂದರ ಅರ್ಧಭಾಗವನ್ನು ಉಕ್ಕಿನ ಬೀರು ಮರೆಮಾಡಿದೆ. ಪರದೆಗಳು ಎಷ್ಟು ಸಲ ಬದಲಾದವೋ, ಈಗಿನವು ಬೇರೆ ಬಣ್ಣದವು. ಆ ಯುವಕನ ಹೆಸರನ್ನು ಎಷ್ಟು ನೆನೆಸಿಕೊಂಡರೂ ನೆನಪಾಗುವುದಿಲ್ಲ. ಅವನ ನಕ್ಷೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ: ಪೆನ್ಸಿಲಿನಲ್ಲಿ ಬರೆದ ರಟ್ಟುಗಳ ಸಾಲು, ಅವುಗಳ ನಡುವೆ ಕೆಂಪು ಶಾಯಿಯಲ್ಲಿ ದಾರ. ಕಡತ ಸಿಗಬಹುದೇ ಎಂದು ಹಳೆಯ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದೆ. ಅವಧಿ ಮುಗಿದ ಕಡತಗಳನ್ನು ನಾಶಪಡಿಸಿದ್ದಾಗಿದೆ ಎಂದರು. ಖರೀದಿ ಮುಗಿದ ಮೇಲೆ ಅದನ್ನು ನಾಶಪಡಿಸಬಹುದಾದ ವರ್ಗಕ್ಕೆ ಸೇರಿಸಿ ಸಹಿ ಹಾಕಿದ್ದವನೂ ನಾನೇ.